ಜನ್ಮಜಾತ ಹೃದ್ರೋಗವಿರುವ ಶಿಶುಗಳ ಬೆಳವಣಿಗೆ ಮತ್ತು ಶಕ್ತಿಯ ಅಗತ್ಯ

ಜನ್ಮಜಾತ ಹೃದ್ರೋಗವಿರುವ ಶಿಶುಗಳಲ್ಲಿ, ವಿಶೇಷವಾಗಿ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರವಿದ್ದಾಗ, ತೂಕದ ಏರಿಕೆ ಕುಂಠಿತವಾಗುತ್ತದೆ. ಶ್ವಾಸಕೋಶಗಳಿಗೆ ಅಧಿಕ ರಕ್ತ ಹರಿದು, ಉಸಿರಾಟ ಮತ್ತು ಹೃದಯಬಡಿತ ವೇಗಗೊಂಡು ಶಕ್ತಿಯ ವ್ಯಯ ಹೆಚ್ಚುತ್ತದೆ. ಹಾಲು ಕುಡಿಯುವಾಗ ಶಿಶು ಬೆವರಿ, ಬೇಗನೆ ದಣಿಯುತ್ತದೆ. ಆದ್ದರಿಂದ ಇದು ತಾಯಿಯ ಆರೈಕೆಯ ಕೊರತೆಯಲ್ಲ, ರೋಗದ ಲಕ್ಷಣ.

ಆರೋಗ್ಯವಂತ ಶಿಶುವಿಗೆ ದಿನಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 100 ಕಿಲೋಕ್ಯಾಲೊರಿ ಸಾಕಾದರೆ, ಇಂತಹ ಶಿಶುವಿಗೆ 120ರಿಂದ 150 ಬೇಕಾಗಬಹುದು. ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ಪದೇಪದೇ ಹಾಲುಣಿಸುವುದು, ಹಿಂಡಿದ ಎದೆಹಾಲಿಗೆ ಪೋಷಕಾಂಶ ಸೇರಿಸುವುದು, ಅಗತ್ಯವಿದ್ದಲ್ಲಿ ಮೂಗಿನ ನಳಿಕೆಯ ಮೂಲಕ ಉಣಿಸುವುದು ರೂಢಿಯಲ್ಲಿರುವ ಕ್ರಮಗಳು.

ಆಹಾರಕ್ರಮದಿಂದ ರಂಧ್ರ ಮುಚ್ಚುವುದಿಲ್ಲ. ದೊಡ್ಡ ರಂಧ್ರಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ, ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ಹೃದಯ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತದೆ. ಎಲೆಕ್ಟ್ರಾನಿಕ್ ಸಿಟಿ ಸಮೀಪದ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವಿದೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಿನ ಶಿಶುಗಳ ತೂಕ ಮತ್ತೆ ಏರತೊಡಗುತ್ತದೆ.