ಇಂಜಿನ್ನಿನ ಮಸಿ

ಹೊಸೂರಿನ ಟಿವಿಎಸ್ ಕಾರ್ಖಾನೆಯಿಂದ 1980ರಲ್ಲಿ ಟಿವಿಎಸ್ 50 ಗಾಡಿ ಹೊರಗೆ ಬಂತು. ಆಮೇಲೆ ನಮ್ಮ ಸಾನಮಾವಿನ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ರಾಗಿ ಮೂಟೆ ಎಲ್ಲಾ ಅದರ ಮೇಲೇ ಸವಾರಿ. ಅದು ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಆ ಆಯಿಲ್ ಪೂರಾ ಉರಿಯಲ್ಲ, ಅರ್ಧಂಬರ್ಧ ಉರಿದು ಮಸಿಯಾಗಿ ಸೈಲೆನ್ಸರಿನಲ್ಲಿ ಕೂತ್ಕೊಳ್ಳುತ್ತೆ. ಮಸಿ ಕಟ್ಟಿದ ಗಾಡಿ ದಿಬ್ಬ ಹತ್ತಲ್ಲ. ಮೆಕ್ಯಾನಿಕ್ಕು ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಾಕಿ ಸುಟ್ಟು, ಕಲ್ಲಿನ ಮೇಲೆ ಕುಟ್ಟಿದ್ರೆ ಬೊಗಸೆ ತುಂಬಾ ಕರಿ ಚಕ್ಕೆ ಉದುರೋದು. ಪ್ಲಗ್ಗಿಗೆ ಉಪ್ಪು ಕಾಗದ, ಕಾರ್ಬೊರೇಟರಿನ ತೂತಿಗೆ ಬಾಯಿಂದ ಊದೋದು. ಇಂಜಿನ್ ತೊಳೆಯೋದು ಅಂದ್ರೆ ಆಗ ಇಷ್ಟೇ.

ಎಣ್ಣೆಗೆ ಏನಾದರೂ ಬೆರೆಸೋ ಕೆಲಸ ಮಾತ್ರ ಬಹಳ ಹಳೇದು. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಡ್ಗ್ಲಿ ಅನ್ನೋರು, ಪೆಟ್ರೋಲಿಗೆ ಸೀಸ ಬೆರೆಸಿದ್ರೆ ಇಂಜಿನ್ ಕಟಕಟ ಅನ್ನೋದು ನಿಲ್ಲುತ್ತೆ ಅಂತ ಕಂಡ್ಕೊಂಡ್ರು. ಆದರೆ ಉರಿದ ಸೀಸ ಪ್ಲಗ್ಗಿಗೂ ವಾಲ್ವಿಗೂ ಅಂಟಿಕೊಳ್ತು. ಅದನ್ನ ಹೊಗೆ ಜೊತೆ ಹೊರಗೆ ತಳ್ಳೋಕೆ ಇನ್ನೊಂದು ರಸಾಯನ ಬೆರೆಸಿದ್ರು. ಇಂಜಿನ್ ಚೊಕ್ಕಟ ಆಯ್ತು, ಸೀಸ ರಸ್ತೆಗೆ ಬಂತು, ಮಕ್ಕಳ ಮೈಗೆ, ಮಿದುಳಿಗೆ ಸೇರ್ತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತಿದ್ದು 2000ದಲ್ಲಿ.

ಸೀಸ ಕಂಪನಿಯೋರು ಹೇಳಿಯೇ ಹಾಕಿದ್ದು. ಕದ್ದು ಹಾಕಿದ್ದು ಸೀಮೆಎಣ್ಣೆ. ರೇಷನ್ ಸೀಮೆಎಣ್ಣೆ ಅಗ್ಗ, ಡೀಸೆಲ್ ಪೆಟ್ರೋಲ್ ದುಬಾರಿ, ಅದಕ್ಕೇ ಬೆರೆಸೋರು. ಗುರುತಿಗೆ ಅಂತ ಸರ್ಕಾರ ನೀಲಿ ಬಣ್ಣ ಹಾಕಿಸಿದ್ರೂ ಬಿಡಲಿಲ್ಲ. ಹೊಗೆ, ಮಸಿ, ಕೆಟ್ಟ ಇಂಜಿನ್ನು ಗಾಡಿಯೋನ ಪಾಲಿಗೆ. ಇದನ್ನ ತಡೆಯೋಕೆ ಹೋದ ಎಸ್. ಮಂಜುನಾಥ್ ನಮಗೆ ದೂರದೋರಲ್ಲ, ಕೋಲಾರ ಚಿನ್ನದ ಗಣಿಯ ಕೆಜಿಎಫ್ ಮನೆತನದ ಹುಡುಗ. ಇಂಡಿಯನ್ ಆಯಿಲಿನಲ್ಲಿ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕ್ ತಪಾಸಣೆ ಮಾಡಿದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡು ಹೊಡೆದು ಕೊಂದ್ರು. ವಯಸ್ಸು 27. ಇಂಜಿನ್ನಿನ ಮಸಿ ಅಂದಾಗೆಲ್ಲ ನನಗೆ ಆ ಹುಡುಗ ನೆನಪಾಗ್ತಾನೆ.

ಈಗ ಹೊಸೂರಿನ ಅಂಗಡಿಗಳಲ್ಲಿ ಸಣ್ಣ ಬಾಟಲಿ ಸಿಗುತ್ತೆ. ಕಾರಿನ ಟ್ಯಾಂಕಿಗೆ ಸುರಿದ್ರೆ ಇಂಜಿನ್ ಕ್ಲೀನ್ ಅಂತಾರೆ. ಪೂರಾ ಸುಳ್ಳಲ್ಲ. ಕಾರ್ಬೊರೇಟರ್ ಹೋಗಿ ಇಂಜೆಕ್ಟರ್ ಬಂದ ಮೇಲೆ ಅದರ ಕೂದಲಿನಂಥ ತೂತು ಕಟ್ಟೋದು ದೊಡ್ಡ ತಲೆನೋವಾಯ್ತು. ಅಮೆರಿಕದಲ್ಲಂತೂ 1995ರಿಂದ ಪೆಟ್ರೋಲಿಗೇ ತೊಳೆಯೋ ರಸಾಯನ ಬೆರೆಸಿ ಮಾರಬೇಕು ಅಂತ ಕಾನೂನು. ಆದರೆ ಪೆಟ್ರೋಲ್ ಹರಿಯೋ ಜಾಗವನ್ನ ಮಾತ್ರ ಅದು ತೊಳೆಯುತ್ತೆ. ಕೆಲವು ಹೊಸ ಕಾರುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುತ್ತೆ, ವಾಲ್ವಿನ ಬೆನ್ನಿಗೆ ತಾಕೋದೇ ಇಲ್ಲ. ಅಲ್ಲಿನ ಮಸಿಗೆ ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದ್ರೂ ಅಷ್ಟೇ. ಸವೆದ ರಿಂಗಿಗೂ ಅದು ಮದ್ದಲ್ಲ.

ಇನ್ನೊಂದು ಬಾಟಲಿ ಇದೆ, ಆಯಿಲಿಗೆ ಹಾಕೋ ಫ್ಲಶ್. ಹಳೇ ಆಯಿಲಿಗೆ ಸುರಿದು, ಗಾಡಿ ನಿಲ್ಲಿಸಿದ ಕಡೆಯೇ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ಆಯಿಲ್ ಪೂರಾ ಇಳಿಸಿ ಹೊಸದು ಹಾಕಬೇಕು. ನಮ್ಮ ಮೇಳದ ಹಳೇ ವ್ಯಾನಿಗೆ ಒಬ್ಬರ ಮಾತು ಕೇಳಿ ಹಾಕಿಸಿದೆ. ವರ್ಷಾನುಗಟ್ಟಲೆ ಆಯಿಲ್ ಬದಲಾಯಿಸದೆ ಓಡಿಸಿದ ಗಾಡಿ ಅದು, ಒಳಗೆ ಜಿಡ್ಡು ಹೆಪ್ಪುಗಟ್ಟಿತ್ತು. ಆ ವಾರ ರಾಯಕೋಟೆ ಕಡೆ ಹಾಡೋಕೆ ಹೊರಟಾಗ ರಾತ್ರಿ, ನಮ್ಮೂರ ಕಾಡಿನ ನಡುವೆಯೇ ಆಯಿಲಿನ ಕೆಂಪು ದೀಪ ಹತ್ತಿತು. ರಾಗಿ ಕೊಯ್ಲಿನ ಕಾಲ, ಜವಳಗಿರಿ ಕಡೆಯಿಂದ ಆನೆ ಹಿಂಡು ಬಂದು ನಮ್ಮ ಕಾಡಲ್ಲಿ ಬೀಡು ಬಿಟ್ಟಿರೋ ಹೊತ್ತು. ದೀಪ ನೋಡ್ಕೊಂಡೂ ಓಡಿಸಿದ್ರೆ ಇಂಜಿನ್ ಹಿಡ್ಕೊಳ್ಳುತ್ತೆ, ನಿಂತ್ರೆ ಆನೆ. ಇಂಜಿನ್ ಆಫ್ ಮಾಡಿ, ಉಸಿರು ಬಿಗಿ ಹಿಡಿದು, ಬಾಗಿಲು ಹಾಕ್ಕೊಂಡು ಕೂತ್ವಿ. ತಮಟೆಯೋನಿಗೆ, ಬಾರಿಸಬೇಡ ಮಾರಾಯ ಅಂದೆ. ಹೊಸೂರಿಂದ ಟೊಮೇಟೊ ಇಳಿಸಿ ಬರ್ತಿದ್ದ ಟೆಂಪೋದೋರು ಹಗ್ಗ ಕಟ್ಟಿ ಎಳೆದು ಊರಿಗೆ ಬಿಟ್ಟರು.

ಮಾರನೇ ದಿನ ಇಂಜಿನ್ನಿನ ತಳದ ತೊಟ್ಟಿ ಬಿಚ್ಚಿದ್ರೆ, ಕಳಚಿ ಬಂದ ಜಿಡ್ಡೆಲ್ಲ ಆಯಿಲ್ ಹೀರೋ ಜಾಲರಿಗೆ ಹೋಗಿ ಅಡರಿತ್ತು. ಮೆಕ್ಯಾನಿಕ್ಕು ಚಾಕು ತಗೊಂಡು ಕೈಯಿಂದಲೇ ಕೆರೆದು ತೆಗೆದ.