ಬಯಲು ಯಾರ ಬಯಲು?

ನಮ್ಮಜ್ಜ ಆಟ ನೋಡಿದವನಲ್ಲ, ಆಟ ಕೇಳಿದವನು. ಊರ ಗುಡಿಯ ಮುಂದೆ ಮೂಡಲಪಾಯ ನಡೆದಾಗ ಗ್ಯಾಸ್‌ಲೈಟನ್ನು ತಲೆ ಮೇಲೆ ಹೊತ್ತು ತರುವವನು ಅವನೇ. ತಂದಿಟ್ಟ ಮೇಲೆ ಹುಣಸೆಮರದ ಆಚೆ ಹೋಗಿ ಕೂರಬೇಕು. ಅಲ್ಲಿಂದ ಭೀಮನ ಕಿರೀಟದ ತುದಿ ಕಾಣುತ್ತಿತ್ತಂತೆ, ಮುಖ ಕಾಣುತ್ತಿರಲಿಲ್ಲ. ಭಾಗವತರ ಪದಗಳು ಮಾತ್ರ ಅಷ್ಟೂ ಬಾಯಿಪಾಠ. "ಬೆಳಕು ನಮ್ದು ಕಣ್ಲಾ, ನೋಡೋದು ಅವರ್ದು" ಅಂತಿದ್ದ.

ಕಾಲೇಜಿಗೆ ಬಂದಾಗ ಮೇಷ್ಟ್ರು ಬಯಲಾಟದ ಪಾಠ ಮಾಡಿದರು. ಗೋಡೆಯಿಲ್ಲ, ಬಾಗಿಲಿಲ್ಲ, ಟಿಕೀಟಿಲ್ಲ, ಆದ್ದರಿಂದ ಇದು ಸರ್ವಜನರ ಕಲೆ ಎಂದರು. ಬರೆದುಕೊಂಡೆ, ಪರೀಕ್ಷೆಯಲ್ಲೂ ಬರೆದೆ, ಅಂಕವೂ ಬಂತು. ಅಜ್ಜನ ಹುಣಸೆಮರ ಆ ಉತ್ತರದಲ್ಲಿ ಎಲ್ಲೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಡೆಯುವ ಆಟಕ್ಕೆ ಗೋಡೆ ಇಲ್ಲವೆಂಬುದು ನಿಜ. ಆದರೆ ಆ ಬಯಲು ಗುಡಿಯ ಮುಂದಿನದು, ಇಲ್ಲವೇ ಗೌಡರ ಕಣ. ದೂರವೇ ಅಲ್ಲಿ ಗೋಡೆ. ಯಾರು ಎಷ್ಟು ದೂರ ಎಂಬುದು ಯಾವ ಬೋರ್ಡಿನ ಮೇಲೂ ಬರೆಯದೆ ಎಲ್ಲರಿಗೂ ಗೊತ್ತಿತ್ತು.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಬಂದವು, ಟಿಕೀಟು ಬಂತು. ಕರಾವಳಿಯಲ್ಲಿ ಹರಕೆ ಆಟದ ಜೊತೆಗೆ ಮುಂದೆ ಟೆಂಟಿನ ಮೇಳಗಳು ಬಂದವು, ಅಲ್ಲೂ ಟಿಕೀಟು. ದುಡ್ಡಿಗೆ ಜಾತಿ ಗೊತ್ತಿಲ್ಲ ಎನ್ನುವವರಿದ್ದಾರೆ. ಕೂಲಿಯವನ ಜೇಬಿಗೆ ಚೆನ್ನಾಗಿ ಗೊತ್ತಿತ್ತು.

ಈ ಬಯಲನ್ನು ಮೊದಲು ತಿರುಗಿಸಿ ಹಾಕಿದವರು ಪಕ್ಕದ ಮಹಾರಾಷ್ಟ್ರದಲ್ಲಿದ್ದರು. ತಮಾಷಾ ಕಲಾವಿದರಲ್ಲಿ ಮಹಾರರು, ಮಾಂಗರು ಬಹಳ. ಕುಣಿಯುವವರು ಇವರು, ನಾಣ್ಯ ಎಸೆಯುವವರು ಬೇರೆಯವರು. ಜ್ಯೋತಿಬಾ ಫುಲೆ 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ ಚಳವಳಿ ಮುಂದೆ ಅದೇ ಹಾಡು, ಅದೇ ಕುಣಿತ, ಅದೇ ಹಾಸ್ಯವನ್ನು ತೆಗೆದುಕೊಂಡು ಜಲಸಾ ಮಾಡಿತು. 1930ರ ದಶಕದಲ್ಲಿ ನಾಸಿಕದ ಭೀಮರಾವ್ ಕರ್ಡಕರಂಥವರು ಅಂಬೇಡ್ಕರಿ ಜಲಸಾ ಕಟ್ಟಿದರು. 1927ರ ಮಹಾಡದ ಕೆರೆ, 1930ರಿಂದ ನಾಸಿಕದಲ್ಲೇ ನಡೆದ ಕಾಳಾರಾಮ ದೇಗುಲದ ಸತ್ಯಾಗ್ರಹ, ಇವುಗಳ ಬಿಸಿ ಆರದ ಕಾಲ. ಅಕ್ಷರ ಬಾರದ ಕೇರಿಗೆ ಪತ್ರಿಕೆ ಮುಟ್ಟುವುದಿಲ್ಲ, ಹಾಡು ಮುಟ್ಟುತ್ತದೆ. ನಮ್ಮವರು ನಮ್ಮವರಿಗಾಗಿ, ನಮ್ಮ ಕೇರಿಯ ಅಂಗಳದಲ್ಲಿ ಆಡಿದರು. ಕಲೆ ಹಳೆಯದೇ, ಜಾಗ ಬದಲಾಯಿತು. ಇಷ್ಟು ಸಣ್ಣ ವಿಷಯವನ್ನು ನಮ್ಮ ರಂಗಭೂಮಿಯ ಚರಿತ್ರೆಕಾರರು ಅಡಿಟಿಪ್ಪಣಿಗೂ ತರುವುದಿಲ್ಲ.

1970ರ ದಶಕದಲ್ಲಿ ಕಲ್ಕತ್ತೆಯ ಬಾದಲ್ ಸರ್ಕಾರ್ ತಮ್ಮ 'ಶತಾಬ್ದಿ' ತಂಡದ ಜೊತೆ ಪರದೆಯ ರಂಗಮಂದಿರ ಬಿಟ್ಟು ಹೊರಬಂದರು. ಸೆಟ್ಟಿಲ್ಲ, ದೀಪದ ಆಡಂಬರವಿಲ್ಲ, ಕೊಟ್ಟರೆ ಕೊಡಿ ಎನ್ನುವ ಬಟ್ಟೆಯ ತುಂಡು ಮಾತ್ರ. ಅಲ್ಲಿನ ಕರ್ಜನ್ ಪಾರ್ಕು ಹೀಗೆ ಬಯಲು ನಾಟಕದ ಜಾಗವಾಯಿತು. 1974ರ ಜುಲೈನಲ್ಲಿ ಅದೇ ಪಾರ್ಕಿನಲ್ಲಿ ಪೊಲೀಸರ ಹೊಡೆತಕ್ಕೆ ಪ್ರಬೀರ್ ದತ್ತ ಎಂಬ ಯುವಕ ಸತ್ತ. ಬಯಲಲ್ಲಿ ಜನ ಸೇರುವುದೇ ಪ್ರಭುತ್ವಕ್ಕೆ ಭಯ. 1989ರ ಜನವರಿ 1ರಂದು ದೆಹಲಿ ಬಳಿಯ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದ ಸಫ್ದರ್ ಹಶ್ಮಿಯ ಮೇಲೆ ಗೂಂಡಾಗಳು ಬಿದ್ದರು. ರಾಮ್ ಬಹಾದೂರ್ ಎಂಬ ಕೂಲಿ ಕಾರ್ಮಿಕನೂ ಸತ್ತ. ಹಶ್ಮಿ ಮರುದಿನ ತೀರಿಕೊಂಡರು. ನಾಲ್ಕನೇ ತಾರೀಖು ಮಾಲಾಶ್ರೀ ಹಶ್ಮಿ ತಂಡದೊಂದಿಗೆ ಅದೇ ಜಾಗಕ್ಕೆ ಹೋಗಿ ಅದೇ ನಾಟಕ ಮುಗಿಸಿ ಬಂದರು.

ನಮ್ಮಲ್ಲಿ 1975ರಲ್ಲಿ 'ಸಮುದಾಯ' ಹುಟ್ಟಿತು. ತುರ್ತು ಪರಿಸ್ಥಿತಿ ಬಂದ ವರ್ಷವೂ ಅದೇ. 1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಕೊಂದು ಸುಟ್ಟರು, ಅವರಲ್ಲಿ ಎಂಟು ಜನ ದಲಿತರು. ಕೆಸರಿನ ದಾರಿಯಲ್ಲಿ ಇಂದಿರಾ ಗಾಂಧಿ ಆನೆ ಹತ್ತಿ ಅಲ್ಲಿಗೆ ಹೋದದ್ದನ್ನು ಪತ್ರಿಕೆಗಳು ಕೊಂಡಾಡಿದವು. ಬೆಲ್ಚಿ ಮಾತ್ರ ನಮ್ಮ ಊರುಗಳಿಗೆ ಕಾಲ್ನಡಿಗೆಯಲ್ಲೇ ಬಂತು, ಸಿ.ಜಿ.ಕೆ. ನಿರ್ದೇಶನದ 'ಬೆಲ್ಚಿ' ಬೀದಿನಾಟಕವಾಗಿ. 1979ರ ಜಾಥಾದಲ್ಲಿ ಸಮುದಾಯದವರು ಬೀದಿನಾಟಕ ಹೊತ್ತು ಊರೂರು ಸುತ್ತಿದರು. ಅತ್ತ ದಲಿತ ಸಂಘರ್ಷ ಸಮಿತಿಯ ಹಾಡುಗಾರರೂ ಸುತ್ತುತ್ತಿದ್ದರು.

ಬೀದಿನಾಟಕದ ಕಟ್ಟುಪಾಡು ಸರಳ. ಜನ ದುಂಡಗೆ ನಿಲ್ಲುತ್ತಾರೆ, ಆದ್ದರಿಂದ ಹಿಂದೆ ಮುಂದೆ ಎಂಬುದಿಲ್ಲ. ಮೈಕಿಲ್ಲದ್ದಕ್ಕೆ ಒಬ್ಬ ಹೇಳಿದ ಮಾತನ್ನು ಮೇಳ ಮತ್ತೆ ಎತ್ತಿ ಹೇಳುತ್ತದೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಕೂಲಿಯಿಂದ ಬಂದವಳು ಒಲೆ ಹಚ್ಚುವ ಮುಂಚೆ ನೋಡಬಹುದು. ಜನರನ್ನು ಕರೆಯುವುದು ತಮಟೆ. ಬಿಟ್ಟಿ ಚಾಕರಿಯಾಗಿ ಸಾವಿಗೆ, ಸಾರಿಕೆಗೆ ಬಡಿಸಿಕೊಂಡ ಅದೇ ತಮಟೆ.

ಗೆಳೆಯರೆ, ಇಷ್ಟಾದರೆ ಬಯಲು ತೆರೆಯಿತೆ? ಎರಡು ವರ್ಷದ ಹಿಂದೆ ನಾವು ಕೆಲವು ಗೆಳೆಯರು ಒಂದು ನಾಟಕ ಕಟ್ಟಿಕೊಂಡು ಹೊರಟೆವು. ಒಂದೂರಿನಲ್ಲಿ ಅರಳಿಕಟ್ಟೆ ಹತ್ತಿರ ಆಡಿದೆವು, ಕೇರಿಯವರು ರಸ್ತೆ ದಾಟಲಿಲ್ಲ. ಹತ್ತಿರ ಬನ್ನಿ ಅಂದರೆ "ಇಲ್ಲೇ ಕಾಣ್ತದೆ ಬುಡಪ್ಪ" ಅಂದರು. ನಮ್ಮಜ್ಜನ ಹುಣಸೆಮರ! ಮತ್ತೆ ಕೇರಿಗೇ ಹೋಗಿ ಇನ್ನೊಂದು ಸಲ ಆಡಿದೆವು. ಈಗ ಊರಿನ ಹುಡುಗರು ಬೈಕಿನಿಂದ ಇಳಿಯದೆ ದೂರದಿಂದ ನೋಡಿದರು.

ಕೊಲೆಯ ದೃಶ್ಯವನ್ನು ನಾವು ಮಾತಿಲ್ಲದೆ ಮಾಡುತ್ತಿದ್ದೆವು. ತಮಟೆ ನಿಲ್ಲುತ್ತದೆ, ಒಬ್ಬೊಬ್ಬರೇ ಬೀಳುತ್ತಾರೆ. ಕಾಲೇಜಿನಲ್ಲಿ ಇದಕ್ಕೆ ಜೋರು ಚಪ್ಪಾಳೆ ಬಿದ್ದಿತ್ತು. ಆಟ ಮುಗಿದ ಮೇಲೆ ಜಗಲಿ ಮೇಲೆ ಕೂತಿದ್ದ ಕಣ್ಣು ಕಾಣದ ಒಬ್ಬ ಅಜ್ಜಿ ಕರೆದು ಕೇಳಿದಳು: "ತಮಟೆ ಯಾಕ್ ನಿಲ್ಸುದ್ರಪ್ಪ? ಯಾರ್ ಸತ್ರು? ನಂಗೊಂದೂ ತಿಳೀಲಿಲ್ಲ."

ನಮ್ಮಜ್ಜನನ್ನು ಮರದಾಚೆ ಕೂರಿಸಿದ್ದು ಊರು. ಈ ಅಜ್ಜಿಯನ್ನು ಕೂರಿಸಿದ್ದು ನಾವು, ಅದೂ ಅವಳ ಜಗಲಿಯ ಮುಂದೆಯೇ.

ಆ ರಾತ್ರಿ ಶಾಲೆಯ ಜಗಲಿ ಮೇಲೆ ಜಗಳವೇ ಆಯಿತು. ಮೌನದಲ್ಲೇ ಕಾವ್ಯವಿದೆ ಎಂದು ವಾದಿಸಿದವನು ನಾನೇ, ಕವಿಯಲ್ಲವೇ! ಸೋತೆ. ಈಗ ಬೀಳುವ ಪ್ರತಿಯೊಬ್ಬನೂ ತನ್ನ ಹೆಸರು, ತಾನು ಮಾಡುವ ಕೆಲಸ ಕೂಗಿ ಬೀಳುತ್ತಾನೆ, ಮೇಳ ಅದನ್ನೇ ಮತ್ತೆ ಕೂಗುತ್ತದೆ. ಕಿವಿ ಕೇಳದವರಿಗೆಂದು ಬೀಳುವವನ ಕೈಯಲ್ಲಿ ನೇಗಿಲೋ ಪೊರಕೆಯೋ ಇರುತ್ತದೆ. ನಿಲ್ಲಲಾರದವರ ಮಂಚಗಳನ್ನು ಮೊದಲೇ ಒಳಸುತ್ತಿಗೆ ತಂದಿಡುತ್ತೇವೆ, ಆಮೇಲೆ ತಮಟೆ. ಮುಂದಿನ ಊರಿನಲ್ಲಿ ಆ ದೃಶ್ಯಕ್ಕೆ ಎರಡು ನಿಮಿಷ ಹೆಚ್ಚು ಹಿಡಿಯಿತು.