ಕಲ್ಲಿನಿಂದ ಕಾಗದಕ್ಕೆ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ನಮ್ಮೂರಿನ ಹೆಮ್ಮೆಯ ಮಾತು. ಇಲ್ಲಿಗೆ ಬರಲಾಗದ ದೂರದೇಶದವರಿಗೆ ನಮ್ಮ ಸೀಮೆಯ ಶಿಲ್ಪವನ್ನು ತೋರಿಸಿದವರಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಅಚ್ಚುಕೆತ್ತನೆಗಾರರೂ ಸೇರಿದ್ದಾರೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ಅವರನ್ನು ಇಲ್ಲಿ ನೆನೆಯುತ್ತೇನೆ.

ಆಗ ಫೋಟೋವನ್ನು ಅಕ್ಷರಗಳ ಜೊತೆಗೇ ಅಚ್ಚು ಹಾಕುವ ಸುಲಭ ಉಪಾಯವಿರಲಿಲ್ಲ. ಮನುಷ್ಯರ ಮುಖವಾಗಲಿ, ಶಿಲ್ಪವಾಗಲಿ, ಗಟ್ಟಿ ಮರದ ಮೇಲೆ ಇಲ್ಲವೆ ತಾಮ್ರ, ಉಕ್ಕಿನ ತಗಡಿನ ಮೇಲೆ ಗೆರೆಗೆರೆಯಾಗಿ, ಎಡಬಲ ಅದಲುಬದಲಾಗಿ ಕೊರೆಯಬೇಕಿತ್ತು. ಗೆರೆ ಒತ್ತಾದರೆ ನೆರಳು, ವಿರಳವಾದರೆ ಬೆಳಕು.

1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತು. ಇಂದು ಅದು ಚಿತ್ರದಲ್ಲಿ ಮಾತ್ರ ಉಳಿದಿದೆ. 1876ರಲ್ಲಿ ಜೇಮ್ಸ್ ಫರ್ಗ್ಯುಸನ್ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ವಿಠ್ಠಲ ದೇವಾಲಯದ ಚಿತ್ರ ಫೋಟೋ ನೋಡಿ ಮರದಲ್ಲಿ ಕೆತ್ತಿದ್ದು. ಗ್ರಂಥಕರ್ತನ ಹೆಸರು ಎಲ್ಲರಿಗೂ ಗೊತ್ತು, ಕೆತ್ತಿದ ಕೈಯನ್ನು ಕೇಳುವವರಿಲ್ಲ.

ಶತಮಾನದ ಕೊನೆಗೆ ಚುಕ್ಕೆಗಳಲ್ಲಿ ಫೋಟೋ ಮುದ್ರಿಸುವ ಹಾಫ್‌ಟೋನ್ ವಿಧಾನ ಬಂತು. ಆ ಕಸುಬು ಕರಗಿತು. ನಮ್ಮ ಕನಕಾಚಲಪತಿ ಗುಡಿಯ ಕಂಬ ಕೆತ್ತಿದವರನ್ನೂ ನಾವು ಹೆಸರಿಡಿದು ಕರೆಯಲಾರೆವು. ಕಿನ್ನಾಳದ ಚಿತ್ರಗಾರರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ.

ಆದ್ದರಿಂದ ಇಂದಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಗುಡಿಯ ಒಂದೊಂದು ಕಂಬವನ್ನೂ ನೋಡಿ ಬರೆದಿಡಿ, ಚಿತ್ರ ತೆಗೆದಿಡಿ, ತಾರೀಖು ಹಾಕಿ. ಕಲ್ಲು ಸವೆದರೂ ಆ ದಾಖಲೆ ಮುಂದಿನವರಿಗೆ ಕಣ್ಣಾಗುತ್ತದೆ.